ಕಿಲ್ ‘ಕೊಲ್ಲು’ವಿನಿಂದ, ಒನ್ ‘ಒಂದು’ವಿನಿಂದ ಬಂತಂತೆ: ಇಂಥ ಮಾತುಗಳನ್ನು ಪರೀಕ್ಷಿಸೋದು ಹೇಗೆ?

ಗೋಡೆಪತ್ರಿಕೆ (ಪ್ರಶ್ನೆ)

ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ವಾಟ್ಸ್ಯಾಪಿನಲ್ಲಿ ಸುತ್ತುವ ಮಾತುಗಳನ್ನು ಒಟ್ಟು ಹಾಕಿದ್ದೇನೆ. ಪ್ರೌಢಶಾಲೆಯ ಗೋಡೆಪತ್ರಿಕೆಗೆ ಏರಿಸುವ ಮುಂಚೆ ಗಟ್ಟಿ ಯಾವುದು, ಜೊಳ್ಳು ಯಾವುದು ಅಂತ ತೂರಿ ನೋಡಬೇಕಾಗಿದೆ. ಪಟ್ಟಿ ಹೀಗಿದೆ:

1. ನ್ಯೂಸ್ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕು ದಿಕ್ಕಿನ ಸುದ್ದಿ.
2. ಪಾಶ್ ಅಂದರೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’. ಇಂಡಿಯಾಕ್ಕೆ ಬರುವ ಹಡಗಿನಲ್ಲಿ ಸಾಹುಕಾರರ ಟಿಕೆಟ್ ಮೇಲೆ ಒತ್ತುತ್ತಿದ್ದ ಮುದ್ರೆ.
3. ಸ್ಯಾಲರಿ: ರೋಮನ್ ಸೈನಿಕರಿಗೆ ಸಂಬಳದ ಬದಲು ಉಪ್ಪು ಅಳೆದು ಕೊಡುತ್ತಿದ್ದರು.
4. ಒನ್, ಏಯ್ಟ್, ಕಿಲ್ ಮೂರೂ ಕನ್ನಡದ ಒಂದು, ಎಂಟು, ಕೊಲ್ಲು.
5. ಪಾತ್ ಬಂದದ್ದು ಸಂಸ್ಕೃತದ ಪಥದಿಂದ.
6. ಪೆಪ್ಪರ್, ಶುಗರ್, ಅರೆಕಾ, ಬ್ಯಾಂಬೂ ಎಲ್ಲ ನಮ್ಮ ಕಡೆಯಿಂದ ಹೋದವು.

ಒಂದೊಂದಕ್ಕೂ ಸರಿ, ತಪ್ಪು ಅಂತ ಗುರುತು ಹಾಕಿ ಕೊಟ್ಟರೆ ಸಾಲದು. ಮುಂದಿನ ಸಲ ಮಕ್ಕಳು ಹೊಸದೊಂದು ತಂದಾಗ ಅವರೇ ಪರೀಕ್ಷೆ ಮಾಡುವಂತಿರಬೇಕು.


ನಿಘಂಟುಮಿತ್ರ

ಮೊದಲ ಮೂರನ್ನು ನಾನು ನೋಡುತ್ತೇನೆ. 4 ಮತ್ತು 5 ಧ್ವನಿಯ ವಿಚಾರ, ಅದನ್ನು ಬಲ್ಲವರು ಇಲ್ಲಿದ್ದಾರೆ.

ಯಾವ ಪದ ಸಿಕ್ಕರೂ ಮೂರು ಪ್ರಶ್ನೆ ಕೇಳಿ. ಬರಹದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಯಾವಾಗ, ಆಗ ಅದರ ಕಾಗುಣಿತ ಏನಿತ್ತು, ಆಗ ಅದರ ಅರ್ಥ ಏನಿತ್ತು. ಈ ಮೂರಕ್ಕೆ ಉತ್ತರ ಹುಡುಕುವಷ್ಟರಲ್ಲೇ ಮುಕ್ಕಾಲು ಪಾಲು ಕಥೆಗಳು ಉದುರಿಹೋಗುತ್ತವೆ.

ನ್ಯೂಸ್ ಮೇಲೆ ಪ್ರಯೋಗಿಸಿ. ಸುದ್ದಿ ಅನ್ನುವ ಅರ್ಥದಲ್ಲಿ ಈ ಪದ 15ನೇ ಶತಮಾನದ ಹೊತ್ತಿಗೇ ಬಳಕೆಯಲ್ಲಿದೆ. ಹಳೆಯ ಕಾಗುಣಿತದಲ್ಲಿ ಎನ್-ಇ-ಡಬ್ಲ್ಯೂ-ಇ-ಎಸ್ ಅಂತ ಐದು ಅಕ್ಷರ. ದಿಕ್ಕುಗಳಿರುವುದು ನಾಲ್ಕೇ, ಐದನೆಯದನ್ನು ಎಲ್ಲಿಂದ ತರುವುದು? ಇದು ‘ನ್ಯೂ’ ಅನ್ನುವ ಗುಣವಾಚಕಕ್ಕೆ ಬಹುವಚನದ ಎಸ್ ಹಚ್ಚಿ ಮಾಡಿದ ಪದ, ‘ಹೊಸವು’ ಅಂದ ಹಾಗೆ. ಫ್ರೆಂಚಿನ ನೂವೆಲ್ ಕೂಡ ಇದೇ ಅಚ್ಚಿನದು. ಹಾಗಿದ್ದೂ ಇವತ್ತು ‘ನ್ಯೂಸ್ ಈಸ್’ ಅಂತ ಏಕವಚನದಲ್ಲೇ ನಡೆಸುತ್ತಾರೆ.

ಇದರ ಜೊತೆಗೆ ಒಂದು ಕಾಲದ ಗೆರೆ ನೆನಪಿಡಿ. ಮೊದಲಕ್ಷರಗಳನ್ನು ಜೋಡಿಸಿ, ಬಂದದ್ದನ್ನು ಒಂದೇ ಪದವಾಗಿ ಉಚ್ಚರಿಸುವ ಚಟ ಇಂಗ್ಲಿಷಿಗೆ ಅಂಟಿದ್ದು 20ನೇ ಶತಮಾನದಲ್ಲಿ. ರೇಡಾರ್ (ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್), ಲೇಸರ್, ಸ್ಕೂಬಾ ಇವು ನಿಜವಾಗಿ ಹಾಗೆ ಹುಟ್ಟಿದವು, ಎಲ್ಲವೂ ಎರಡನೇ ಮಹಾಯುದ್ಧದ ಕಾಲದವು ಇಲ್ಲವೇ ಆಮೇಲಿನವು. ಅದಕ್ಕಿಂತ ಹಿಂದಿನ ಪದವೊಂದನ್ನು ಬಿಡಿಸಿ ‘ಇದರ ಪೂರ್ಣರೂಪ ಇಂತಿಂಥದ್ದು’ ಅಂದರೆ ಕಣ್ಣುಮುಚ್ಚಿ ಪಕ್ಕಕ್ಕಿಡಿ. ಟಿಪ್, ಗಾಲ್ಫ್, ಕಾಪ್ ಎಲ್ಲದಕ್ಕೂ ಇಂಥ ಪೂರ್ಣರೂಪ ಕಟ್ಟಿದ್ದಾರೆ. ಎಲ್ಲವೂ ಪದ ಹುಟ್ಟಿ ಎಷ್ಟೋ ಕಾಲದ ಮೇಲೆ ಮಾಡಿದ ಕಸೂತಿ.

ಪಾಶ್ ಕಥೆ ಸ್ವಲ್ಪ ಜಾಣತನದ್ದು, ಯಾಕಂದರೆ ಅದರ ಭೂಗೋಳ ಸರಿಯಾಗಿದೆ. ಹಡಗು ಪೂರ್ವಕ್ಕೆ ಬರುವಾಗ ಎಡಮಗ್ಗುಲು (ಪೋರ್ಟ್) ಉತ್ತರಕ್ಕೆ ಬೀಳುತ್ತದೆ, ಅಲ್ಲಿನ ಕೋಣೆಗಳಿಗೆ ಬಿಸಿಲು ಕಡಿಮೆ. ಊರಿಗೆ ಮರಳುವಾಗ ಬಲಮಗ್ಗುಲು (ಸ್ಟಾರ್‌ಬೋರ್ಡ್) ತಂಪು. ಕೆಡುವುದು ಸಾಕ್ಷಿಯಲ್ಲಿ. ಆ ನಾಲ್ಕಕ್ಷರದ ಮುದ್ರೆಯಿರುವ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ. ಠೀವಿಯ, ಶ್ರೀಮಂತಿಕೆಯ ಅನ್ನುವ ಅರ್ಥದಲ್ಲಿ ಪದ ಅಚ್ಚಿನಲ್ಲಿ ಕಾಣುವುದು 1914ರ ಸುಮಾರಿಗೆ, ಹಡಗಿನ ಕಥೆ ಕಾಣುವುದು 1930ರ ದಶಕದಲ್ಲಿ. ಮಗು ಹುಟ್ಟಿ ಇಪ್ಪತ್ತು ವರ್ಷದ ಮೇಲೆ ಬರೆದ ಜಾತಕ ಅನ್ನಿ. 19ನೇ ಶತಮಾನದ ಲಂಡನ್ ಬೀದಿಮಾತಿನಲ್ಲಿ ಪಾಶ್ ಅಂದರೆ ಚಿಲ್ಲರೆ ಕಾಸು, ಅರ್ಧ ಪೆನ್ನಿ. ಯುರೋಪಿನ ರೋಮಾ ಜನರ ರೋಮಾನಿ ಭಾಷೆಯಲ್ಲಿ ಪಾಶ್ ಅಂದರೆ ಅರ್ಧ. ಕಾಸಿನಿಂದ ಕಾಸುಳ್ಳವನಿಗೆ ಅರ್ಥ ಜಾರಿತು ಅನ್ನುವ ಊಹೆ ಇದೆ, ನಿಘಂಟುಗಳು ಅದನ್ನೂ ‘ಇರಬಹುದು’ ಅಂತಲೇ ಬರೆಯುತ್ತವೆ. ಗೋಡೆಪತ್ರಿಕೆಯಲ್ಲೂ ‘ಮೂಲ ಖಚಿತವಿಲ್ಲ’ ಅಂತ ಹಾಕಿ, ತಪ್ಪೇನಿಲ್ಲ.

ಸ್ಯಾಲರಿ ಅರ್ಧ ನಿಜ. ಲ್ಯಾಟಿನ್ನಿನ ಸಲಾರಿಯಮ್‌ನಿಂದ ಅದು ಬಂದದ್ದು ನಿಜ, ಅದರೊಳಗೆ ಸಾಲ್ ಅಂದರೆ ಉಪ್ಪು ಇರುವುದೂ ನಿಜ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಉಪ್ಪಿಗೂ ಈ ಪದಕ್ಕೂ ಇರುವ ನಂಟನ್ನು ಒಂದು ಮಾತಿನಲ್ಲಿ ಹೇಳುತ್ತಾನೆ. ಆದರೆ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಟ್ಟರು ಅಂತ ಅವನೂ ಹೇಳಿಲ್ಲ, ಬೇರೆ ಯಾವ ಪ್ರಾಚೀನ ಲೇಖಕನೂ ಹೇಳಿಲ್ಲ. ಅವರ ಸಂಬಳದ ಹೆಸರು ಸ್ಟಿಪೆಂಡಿಯಮ್ (ಇವತ್ತಿನ ಸ್ಟೈಪೆಂಡ್), ಕೊಡುತ್ತಿದ್ದದ್ದು ನಾಣ್ಯದಲ್ಲಿ. ಚಕ್ರವರ್ತಿ ಅಗಸ್ಟಸ್‌ನ ಕಾಲಕ್ಕೆ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ಡಿನೇರಿಯಸ್ (ಬೆಳ್ಳಿ ನಾಣ್ಯ). ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಅನ್ನುವ ನಮಗೆ ಈ ಕಥೆ ಬೇಗ ರುಚಿಸುತ್ತದೆ, ಅದೇ ತೊಂದರೆ. ಇನ್ನೊಂದು ತಮಾಷೆ: ನಮ್ಮ ‘ಸಂಬಳ’ಕ್ಕೂ ತಮಿಳಿನಲ್ಲಿ ಇಂಥದೇ ಉಪ್ಪಿನ ಕಥೆ ಕಟ್ಟಿದ್ದಾರೆ, ಸಂಬಾ ಅಕ್ಕಿ ಮತ್ತು ಅಳಂ (ಉಪ್ಪು) ಸೇರಿ ಆಯಿತಂತೆ. ಸಂಸ್ಕೃತದ ಶಂಬಲ ಅಂದರೆ ದಾರಿಬುತ್ತಿ. ನೇರವಾದ ದಾರಿ ಅದು.


ಹಳಗನ್ನಡಿಗ

ನಾಲ್ಕನೆಯದಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಇವತ್ತಿನ ಇಂಗ್ಲಿಷ್ ಉಚ್ಚಾರಣೆಯನ್ನು ಇವತ್ತಿನ ಕನ್ನಡದ ಪಕ್ಕ ಇಟ್ಟು ನೋಡುವುದು. ಎರಡನ್ನೂ ಸಾವಿರ ವರ್ಷ ಹಿಂದಕ್ಕೆ ಸರಿಸಿ, ಆಮೇಲೆ ಹೋಲಿಸಿ.

‘ಒನ್’ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಇದು ‘ಆನ್’, ದೀರ್ಘ ಆ. ನಾವು ಈಗ ಕೇಳುವ ‘ವ’ಕಾರದ ಮೊಳಕೆ ಬರಹದಲ್ಲಿ ಕಾಣುವುದು 15ನೇ ಶತಮಾನದ ಹೊತ್ತಿಗೆ, ಅದೂ ಇಂಗ್ಲೆಂಡಿನ ಪಶ್ಚಿಮದ ಆಡುಮಾತಿನಿಂದ. ವ ಸೇರುವ ಮೊದಲೇ ಕೂಡಿಕೊಂಡ ಪದಗಳಲ್ಲಿ ಹಳೆಯ ಉಲಿ ಹಾಗೇ ಉಳಿದಿದೆ: ಅಲೋನ್ (ಆಲ್ + ಒನ್), ಓನ್ಲಿ (ಒನ್ + ಲಿ), ಅಟೋನ್ (ಅಟ್ + ಒನ್, ಒಂದಾಗು). ಮೂರರಲ್ಲೂ ‘ವನ್’ ಕೇಳಿಸುವುದಿಲ್ಲ. ಆನ್ ಅನ್ನುವ ಆರ್ಟಿಕಲ್ಲೂ ಇದೇ ಪದ, ಒತ್ತು ಕಳೆದುಕೊಂಡದ್ದು ಅಷ್ಟೇ. ಕನ್ನಡದ ಕಡೆ ನೋಡಿ: ಓರ್ವ, ಒರ್ಮೆ. ಬೇರಿನಲ್ಲಿ ರಕಾರವೂ ಉಂಟು. ‘ಒಂದು’ವಿನ ಕೊನೆಯ ‘ದು’ ನಪುಂಸಕದ ಪ್ರತ್ಯಯ. ಈಗ ‘ಆನ್’ ಮತ್ತು ‘ಒರ್’ ಪಕ್ಕಪಕ್ಕ ಇಡಿ. ಹೋಲಿಕೆ ಎಲ್ಲಿ ಹೋಯಿತು?

‘ಏಯ್ಟ್’ ಇನ್ನೂ ಸುಲಭ. ಕಾಗುಣಿತದಲ್ಲಿ ಮೌನವಾಗಿ ಕೂತಿರುವ ಜಿ-ಎಚ್ ಹಿಂದೆ ಗಂಟಲಿನ ‘ಖ್’ ಥರ ಕೇಳುತ್ತಿತ್ತು. ಜರ್ಮನ್ನಿನ ಆಖ್ಟ್‌ನಲ್ಲಿ ಈಗಲೂ ಕೇಳುತ್ತದೆ. ಲ್ಯಾಟಿನ್ ಆಕ್ಟೋ, ಸಂಸ್ಕೃತ ಅಷ್ಟ. ಟಕಾರ ಅವುಗಳ ಬೇರಿನದೇ. ಕನ್ನಡದ ‘ಎಂಟು’ವಿನಲ್ಲಿ ಟು ಕಿತ್ತರೂ ಬೇರು ಉಳಿಯುತ್ತದೆ: ಎಣ್ಬರ್ ಅಂದರೆ ಎಂಟು ಜನ, ಎಣ್ + ಪತ್ತು ಎಂಬತ್ತು. ಅವರ ಪದದಲ್ಲಿ ಎಲುಬಾಗಿರುವುದು ನಮ್ಮಲ್ಲಿ ಬಾಲ.

‘ಕಿಲ್’ 1200ರ ಸುಮಾರಿಗೆ ಸಿಗುತ್ತದೆ, ಆಗ ಅದರ ಅರ್ಥ ಹೊಡೆ, ಬಡಿ. ಕೊಲ್ಲುವ ಅರ್ಥ ಆಮೇಲಿನದು. ನಮ್ಮ ‘ಕೊಲ್’ ತಮಿಳು, ಮಲಯಾಳಂ ಎಲ್ಲದರಲ್ಲೂ ಮೊದಲಿಂದ ಕೊಲ್ಲುವುದೇ. ಕಿಲ್‌ನ ಮೂಲ ಪೂರ್ತಿ ತೀರ್ಮಾನವಾಗಿಲ್ಲ. ಹಳೆಯ ಇಂಗ್ಲಿಷಿನ ‘ಕ್ವೆಲ್ಲನ್’ (ಇವತ್ತಿನ ಕ್ವೆಲ್) ಕಡೆಗೆ ಒಲವು ಹೆಚ್ಚು. ಸಣ್ಣ ಪದ, ಮೂರೇ ಧ್ವನಿ, ಕ ಮತ್ತು ಲ ಎಲ್ಲ ಭಾಷೆಯಲ್ಲೂ ಇರುವಂಥವು. ಎರಡು ಭಾಷೆಗಳ ಸಾವಿರಾರು ಪದಗಳನ್ನು ಎದುರುಬದುರು ಇಟ್ಟರೆ ಇಂಥ ಹತ್ತಿಪ್ಪತ್ತು ಜೋಡಿ ಸಿಗದಿದ್ದರೆ ಅದೇ ಆಶ್ಚರ್ಯ.

ಇಂಥ ಕಾಕತಾಳೀಯಕ್ಕೆ ವಿದ್ವಾಂಸರು ಎತ್ತಿ ತೋರಿಸುವ ಜೋಡಿ ಬೇರೆ. ಇಂಗ್ಲಿಷಿನಲ್ಲಿ ಬ್ಯಾಡ್, ಪರ್ಷಿಯನ್ನಿನಲ್ಲಿ ಬದ್ (ಹಿಂದಿಯ ಬದ್‌ನಾಮ್‌ನಲ್ಲಿ ಇರುವುದು). ಧ್ವನಿ ಒಂದೇ, ಅರ್ಥವೂ ಒಂದೇ, ಎರಡೂ ಇಂಡೋ-ಯುರೋಪಿಯನ್ ಬಳಗದ ಭಾಷೆಗಳು. ಇಷ್ಟಿದ್ದೂ ಸಂಬಂಧ ಇಲ್ಲ. ಪರ್ಷಿಯನ್ನಿನ ಹಿಂದಿನ ರೂಪ ‘ವದ್’. ಬಕಾರ ಅಲ್ಲಿಗೆ ಆಮೇಲೆ ಬಂದದ್ದು. ಒಂದು ಮೆಟ್ಟಿಲು ಹಿಂದಕ್ಕಿಳಿದರೆ ಹೋಲಿಕೆ ಕಳಚಿಬೀಳುತ್ತದೆ. ಇಂಗ್ಲಿಷಿನ ಬೆಟರ್ ಮತ್ತು ಪರ್ಷಿಯನ್ನಿನ ಬೆಹ್ತರ್ ಕೂಡ ಹೀಗೇ.

ಇನ್ನು ಐದನೆಯದು, ‘ಪಾತ್’ ಮತ್ತು ‘ಪಥ’. ಪಟ್ಟಿಯಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಸಂಸ್ಕೃತವೂ ಇಂಗ್ಲಿಷೂ ಒಂದೇ ಮನೆತನದವು, ಆದ್ದರಿಂದ ನಂಟು ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ಅವೆರಡೂ ತಾಯಿ ಮಗಳಲ್ಲ, ದಾಯಾದಿಗಳು. ‘ಸಂಸ್ಕೃತದಿಂದ ಬಂತು’ ಅನ್ನುವ ಮಾತಿನಲ್ಲೇ ಎಡವಟ್ಟಿದೆ. ಮತ್ತೆ, ದಾಯಾದಿಗಳ ನಡುವೆ ಧ್ವನಿಗೊಂದು ಕರಾರು ಇರುತ್ತದೆ. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ಜೋಡಿಸಿಟ್ಟದ್ದು ಅದನ್ನೇ: ಸಂಸ್ಕೃತ, ಲ್ಯಾಟಿನ್, ಗ್ರೀಕಿನಲ್ಲಿ ಪ ಇದ್ದ ಕಡೆ ಇಂಗ್ಲಿಷಿನಲ್ಲಿ ಎಫ್ ಧ್ವನಿ. ಪಿತೃಗೆ ಫಾದರ್, ಪಾದಕ್ಕೆ ಫುಟ್, ಪಂಚಕ್ಕೆ ಫೈವ್, ಪೂರ್ಣಕ್ಕೆ ಫುಲ್. ದಕಾರ ಇದ್ದಲ್ಲಿ ಟಿ: ದ್ವಿಗೆ ಟೂ, ದಶಕ್ಕೆ ಟೆನ್, ದಂತಕ್ಕೆ ಟೂತ್. ಗಕಾರ ಇದ್ದಲ್ಲಿ ಕೆ: ಯುಗಕ್ಕೆ (ನೊಗ) ಯೋಕ್.

ಕನ್ನಡಿಗರಿಗೆ ಇದು ಹೊಸದೇನಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಒಂದೆರಡು ಪದಕ್ಕೆ ಮಾತ್ರ ಆದದ್ದಲ್ಲ, ಪದದ ಮೊದಲಿಗಿದ್ದ ಪಕಾರಕ್ಕೆ ಸಾರಾಸಗಟಾಗಿ ಆದದ್ದು. ಇಂಗ್ಲಿಷಿನ ಅಜ್ಜಿಮನೆಯಲ್ಲಿ ಅದೇ ಪ ಎಫ್ ಆಯಿತು, ಅಷ್ಟೇ ವ್ಯತ್ಯಾಸ.

ಈ ಕರಾರಿನ ಪ್ರಕಾರ ಪಥದ ದಾಯಾದಿ ಎಫ್‌ನಿಂದ ಶುರುವಾಗಬೇಕಿತ್ತು. ‘ಪಾತ್’ ಪ-ದಿಂದ ಶುರುವಾಗುತ್ತದೆ. ಅಂದರೆ ಅದು ನೇರ ದಾಯಾದಿ ಅಲ್ಲ. ಒಂದೋ ಧ್ವನಿ ಬದಲಾದ ಮೇಲೆ ಬೇರೆ ಕಡೆಯಿಂದ ಎರವಲು ಬಂದದ್ದು (ಇರಾನಿನ ಕಡೆಯ ಭಾಷೆಯೊಂದನ್ನು ಹೆಸರಿಸುವವರು ಹಲವರು), ಇಲ್ಲವೇ ಸಂಬಂಧವೇ ಇಲ್ಲದ್ದು. ಪಥದ ನಿಜವಾದ ದಾಯಾದಿ ಅಂತ ಸಾಮಾನ್ಯವಾಗಿ ತೋರಿಸುವುದು ‘ಫೈಂಡ್’ ಅನ್ನು: ದಾರಿ ಹಿಡಿದು ಹೋಗು, ಎದುರಾಗು, ಕಂಡುಕೊಳ್ಳು. ತದ್ರೂಪವಾಗಿ ಕಂಡದ್ದು ಹೊರಗಿನದು, ಮುಖಚಹರೆ ಸೇರದ್ದು ಮನೆಯದು!


ಗೋಡೆಪತ್ರಿಕೆ

ಇದು ಚೆನ್ನಾಗಿದೆ. ಆದರೆ ಎಫ್ ಕರಾರು ಅಂದರೆ ಪೆಟರ್ನಲ್, ಪೆಡಲ್ ಹೇಗೆ? ಪಿತೃ, ಪಾದ ಎರಡೂ ಪ ಉಳಿಸಿಕೊಂಡೇ ಇಂಗ್ಲಿಷಿನಲ್ಲಿವೆಯಲ್ಲ. ಸ್ಪೈ ಕೂಡ ಸಂಸ್ಕೃತದ ಸ್ಪಶ (ಗೂಢಚಾರ) ಥರವೇ ಇದೆ.


ಹಳಗನ್ನಡಿಗ

ಪೆಟರ್ನಲ್, ಪೆಡಲ್ ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ದಾರಿಯಿಂದ ಬಹಳ ತಡವಾಗಿ ಬಂದ ಎರವಲು. ಪ ಎಫ್ ಆಗುವ ಕಾಲ ಮುಗಿದು ಸಾವಿರ ವರ್ಷಕ್ಕೂ ಮೇಲಾಗಿತ್ತು. ನಮ್ಮ ಪುಸ್ತಕ, ಪತ್ರ, ಪೊಲೀಸ್ ಯಾವುದೂ ‘ಹ’ ಆಗಲಿಲ್ಲವಲ್ಲ, ಹಾಗೆ. ಒಂದೇ ಬೇರಿನ ಎರಡು ಪದ ಹೀಗೆ ಎರಡು ಬಾಗಿಲಿಂದ ಒಳಬಂದಾಗ ಯಾವುದು ಹಳೇ ಒಕ್ಕಲು, ಯಾವುದು ಹೊಸ ಬಾಡಿಗೆದಾರ ಅಂತ ಮೊದಲ ಧ್ವನಿಯೇ ಹೇಳಿಬಿಡುತ್ತದೆ.

ಸಕಾರದ ಬೆನ್ನಿಗಿರುವ ಪ, ತ, ಕ ಬದಲಾಗುವುದಿಲ್ಲ, ಅದೂ ಕರಾರಿನೊಳಗೇ ಇದೆ. ಸ್ಥಾ ಮತ್ತು ಸ್ಟ್ಯಾಂಡ್ ನೋಡಿ. ಸ್ಪೈ ಫ್ರೆಂಚಿನಿಂದ ಬಂದದ್ದು, ಬೇರು ಮಾತ್ರ ಅದೇ ಬಳಗದ್ದು. ಕನ್ನಡದಲ್ಲೂ ಹೀಗೇ: ಅಪ್ಪ, ಕಪ್ಪು, ತುಪ್ಪ ಇವುಗಳ ಒತ್ತಿನ ಪ ಜಗ್ಗಲಿಲ್ಲ.

ಪ–ಎಫ್ ಪಟ್ಟಿಯಲ್ಲಿ ಒಂದನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಪಶು ಮತ್ತು ಫೀ. ಹಳೆಯ ಇಂಗ್ಲಿಷಿನ ‘ಫೆಓಹ್’ ಅಂದರೆ ಜಾನುವಾರು, ಅದರಿಂದ ಆಸ್ತಿ, ಹಣ. ಇವತ್ತಿನ ಫೀಗೆ ಫ್ರೆಂಚ್ ಕಾನೂನಿನ ಫ್ಯೂಡಲ್ ಪದವೂ ಬೆರೆತಿದೆ, ಆದರೂ ಬುಡದಲ್ಲಿ ದನದ ಗೊರಸಿನ ಗುರುತು ಇದೆ. ‘ಕ್ಯಾಟಲ್’ ಇದಕ್ಕೆ ತಿರುಗಾ ಮುರುಗಾ: ಅದು ಮೊದಲಿಗೆ ಆಸ್ತಿ, ಬಂಡವಾಳ, ಕ್ಯಾಪಿಟಲ್, ಚ್ಯಾಟಲ್ (ಚರಾಸ್ತಿ) ಅದರ ಒಡಹುಟ್ಟುಗಳು. ಆಸ್ತಿಯಿಂದ ಇಳಿದು ಇಳಿದು ದನಕರುವಿಗೆ ನಿಂತಿತು. ನಮ್ಮಲ್ಲಿ ‘ಧನ’ದ ತದ್ಭವ ‘ದನ’ ನಡೆದದ್ದು ಕ್ಯಾಟಲ್‌ನ ದಾರಿಯಲ್ಲೇ.


ಸಾಸಿವೆಡಬ್ಬಿ

ಆರನೆಯದನ್ನು ಯಾರೂ ಮುಟ್ಟಿಲ್ಲ, ಅಡುಗೆಮನೆಯ ವಿಷಯ ನನಗೇ ಇರಲಿ.

ಪೆಪ್ಪರ್ ಮೂಲದಲ್ಲಿ ಪಿಪ್ಪಲಿ. ಗ್ರೀಕಿನಲ್ಲಿ ಪೆಪೆರಿ, ಲ್ಯಾಟಿನ್ನಿನಲ್ಲಿ ಪಿಪೆರ್, ಹಳೆಯ ಇಂಗ್ಲಿಷಿನಲ್ಲಿ ಪಿಪೊರ್. ನಡುವೆ ಲಕಾರ ರಕಾರವಾದದ್ದು ಪರ್ಷಿಯನ್ ಕೈಗಳಲ್ಲಿ. ಸಿದ್ಧ ಎರವಲಾಗಿ, ಧ್ವನಿ ಬದಲಾದ ಮೇಲೆ ಬಂದದ್ದರಿಂದ ಫೆಫ್ಫರ್ ಆಗಲಿಲ್ಲ. (ಜರ್ಮನ್ನಿನಲ್ಲಿ ‘ಪ್ಫೆಫರ್’ ಆಯಿತು, ಅದು ಅವರ ಮನೆಯಲ್ಲಿ ಆಮೇಲೆ ನಡೆದ ಇನ್ನೊಂದು ಬದಲಾವಣೆ.) ಕನ್ನಡಕ್ಕೆ ಅದೇ ಪದ ಬಂದು ‘ಹಿಪ್ಪಲಿ’ ಆಯಿತು: ಮೊದಲ ಪ ಹ ಆಗಿದೆ, ಒತ್ತಿನ ಪ್ಪ ಅಲುಗಿಲ್ಲ. ಹಳಗನ್ನಡಿಗರು ಮೇಲೆ ಹೇಳಿದ ಎರಡು ನಿಯಮವೂ ಒಂದೇ ಪದದಲ್ಲಿ ಕೂತಿವೆ.

ಈಗ ನೋಡಿ, ಪಿಪ್ಪಲಿ ಅಂದರೆ ಉದ್ದನೆಯ ಹಿಪ್ಪಲಿಯೇ ಹೊರತು ಕಾಳುಮೆಣಸು ಅಲ್ಲ. ಯುರೋಪಿಗೆ ಹೆಸರು ಹೋದದ್ದು ಹಿಪ್ಪಲಿಯದ್ದು, ಅಂಟಿಕೊಂಡದ್ದು ಮೆಣಸಿಗೆ. 1492ರ ಆಚೆಗೆ ಅಮೆರಿಕದಿಂದ ಖಾರದ ಕಾಯಿ ಬಂದಾಗ ಇಂಗ್ಲಿಷಿನವರು ಅದನ್ನೂ ಪೆಪ್ಪರ್ ಅಂದರು. ನಾವು ಮಾಡಿದ್ದೂ ಅದನ್ನೇ: ಮೆಣಸು ಇತ್ತು, ಹೊಸ ಖಾರಕ್ಕೆ ಮೆಣಸಿನಕಾಯಿ ಅಂದೆವು. ಕೊನೆಗೆ ಹಳೆಯ ಯಜಮಾನನೇ ಗುರುತುಚೀಟಿ ಹಾಕಿಕೊಳ್ಳಬೇಕಾಯಿತು. ಅವರಿಗೆ ಬ್ಲ್ಯಾಕ್ ಪೆಪ್ಪರ್, ನಮಗೆ ಕರಿಮೆಣಸು, ಕಾಳುಮೆಣಸು.

ಶುಗರ್: ಸಂಸ್ಕೃತ ಶರ್ಕರಾ, ಮೊದಲ ಅರ್ಥ ಹರಳು, ಗರಸು. ಪರ್ಷಿಯನ್ ಶಕರ್, ಅರಬ್ಬಿ ಸುಕ್ಕರ್, ಹಳೆಯ ಫ್ರೆಂಚ್ ಸುಕ್ರೆ, ಇಂಗ್ಲಿಷ್. ಇದೇ ಪದ ಗ್ರೀಕಿನ ಸಾಕ್ಖರಾನ್ ಆಗಿ ಸ್ಯಾಕರಿನ್‌ಗೆ ಹೋಯಿತು. ಮೂರನೆಯ ಬಾಗಿಲು ಮಲಬಾರಿನದು: ಅಲ್ಲಿನ ಚಕ್ಕರ, ಶರ್ಕರ ಅನ್ನುವ ಬೆಲ್ಲದ ಹೆಸರು ಪೋರ್ಚುಗೀಸರ ಬಾಯಲ್ಲಿ ಜಾಗರ ಆಗಿ ಇಂಗ್ಲಿಷಿನ ಜ್ಯಾಗರಿ ಆಯಿತು. ಅಂಗಡಿಯಲ್ಲಿ ಶುಗರ್, ಜ್ಯಾಗರಿ, ಸ್ಯಾಕರಿನ್ ಬೇರೆಬೇರೆ ಡಬ್ಬಿ. ಪದವಾಗಿ ಮೂರೂ ಒಂದೇ. ‘ಕಲ್ಲುಸಕ್ಕರೆ’ ಅನ್ನುವಾಗ ನಾವು ಕಲ್ಲನ್ನು ಎರಡು ಸಲ ಹೇಳುತ್ತಿದ್ದೇವೆ.

ಪಟ್ಟಿಯಲ್ಲಿ ಇಲ್ಲದ್ದೊಂದು ಸೇರಿಸಿ, ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ಆಯಿಲ್. ಗ್ರೀಕಿನ ಎಲಾಯಾ ಅಂದರೆ ಆಲಿವ್, ಎಲಾಯಾನ್ ಆಲಿವ್ ಎಣ್ಣೆ, ಲ್ಯಾಟಿನ್ ಓಲೆಯಮ್, ಹಳೆಯ ಫ್ರೆಂಚ್ ಆಯ್ಲೆ. ಆಲಿವ್ ಎಣ್ಣೆಯ ಹೆಸರು ಎಲ್ಲ ಎಣ್ಣೆಗೂ ಹರಡಿತು. ‘ಎಣ್ಣೆ’ ಅಂದರೇನು? ಎಳ್ + ನೆಯ್, ಎಳ್ಳಿನ ನೆಯ್ (ನೆಯ್ ಅಂದರೆ ತುಪ್ಪ). ಸಂಸ್ಕೃತದ ತೈಲ? ತಿಲದಿಂದ ಬಂದದ್ದು, ತಿಲ ಅಂದರೆ ಎಳ್ಳು. ಮೂರು ಭಾಷೆ, ಒಂದೊಂದರಲ್ಲೂ ಆ ಸೀಮೆಯಲ್ಲಿ ಹೆಚ್ಚು ಹಿಂಡುತ್ತಿದ್ದ ಕಾಳೋ ಕಾಯೋ ಇಡೀ ಜಾತಿಗೆ ಹೆಸರು ಕೊಟ್ಟಿದೆ. ‘ಎಳ್ಳೆಣ್ಣೆ’ಯಲ್ಲಿ ಎಳ್ಳು ಎರಡು ಸಲ, ‘ಆಲಿವ್ ಆಯಿಲ್’ನಲ್ಲಿ ಆಲಿವ್ ಎರಡು ಸಲ. ಅಕ್ಷರಕ್ಕಕ್ಷರ ಬಿಡಿಸಿದರೆ ‘ಸಾಸಿವೆ ಎಣ್ಣೆ’ ಅಂದರೆ ಸಾಸಿವೆಯ ಎಳ್ಳಿನ ತುಪ್ಪ. ಪೆಟ್ರೋಲಿಯಮ್ ಬಂಡೆಯ ಆಲಿವ್ ರಸ!

ಬ್ಯಾಂಬೂ ನಮ್ಮದಲ್ಲ. ಕೆಲವು ಹಳೆಯ ನಿಘಂಟುಗಳು ಕನ್ನಡದ್ದು ಅಂತ ಬರೆದವು, ಇಂಟರ್ನೆಟ್ ಅದನ್ನೇ ಎತ್ತಿಕೊಂಡಿದೆ. ಕನ್ನಡದ ಪದ ಬಿದಿರು, ಹಳೆಯ ಬರಹದಲ್ಲೂ ಬಿದಿರೇ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬರೆದುಕೊಂಡದ್ದು ‘ಮಾಂಬು’ ಅಂತ, ಬೆರಳು ತೋರುವುದು ಮಲಯ್ ಕಡೆಗೆ.


ಕರಾವಳಿಗ

ಅರೆಕಾ ಬಿಟ್ಟಿರಲ್ಲ. ಅದು ನೇರವಾಗಿ ಅಡಿಕೆಯಿಂದಲೇ ಯಾಕಾಗಬಾರದು? ಗೋವಾ, ಹೊನ್ನಾವರ, ಭಟ್ಕಳ, ಮಂಗಳೂರು ಎಲ್ಲ ಕಡೆ ಪೋರ್ಚುಗೀಸರು ವ್ಯಾಪಾರ ಮಾಡಿದವರೇ. ಎಲ್ಲ ನಿಘಂಟುಗಳೂ ಮಲಯಾಳಂ ಅಂತ ಬರೆಯುವುದು ಅಭ್ಯಾಸಬಲವೋ ಏನೋ.


ಸಾಸಿವೆಡಬ್ಬಿ

ಕೇಳಬೇಕಾದ ಪ್ರಶ್ನೆಯೇ. ಸ್ವರ ಮತ್ತು ಕಾಲ ಎರಡನ್ನೂ ನೋಡೋಣ.

ಪೋರ್ಚುಗೀಸ್ ರೂಪ ಅರೆಕಾ, ಕೊನೆಗೆ ಆಕಾರ. ಮಲಯಾಳಂನ ಅಡಯ್ಕ, ಅಡಕ್ಕ ಅಕಾರಕ್ಕೆ ಮುಗಿಯುತ್ತದೆ, ‘ಅಯ್’ ಎಕಾರವಾಗಿ ಕೇಳುವುದು ಸಹಜ. ಕನ್ನಡದ ಅಡಿಕೆಯಲ್ಲಿ ನಡುವೆ ಇಕಾರ, ಕೊನೆಗೆ ಎಕಾರ. ನಡುವಿನ ಡಕಾರ ರಕಾರವಾದದ್ದು ಎರಡಕ್ಕೂ ಒಪ್ಪುತ್ತದೆ, ನಾಲಿಗೆ ಮಡಿಚುವ ಡ ಅವರ ಕಿವಿಗೆ ರ ಥರ ಕೇಳಿಸಿದೆ. ಇನ್ನು ಕಾಲ: ಅವರು ಕಲ್ಲಿಕೋಟೆಗೆ ಬಂದದ್ದು 1498, ಗೋವಾ ಹಿಡಿದದ್ದು 1510. ಮೊದಲ ಹನ್ನೆರಡು ವರ್ಷದ ಮಾತು ಮಲಬಾರಿನದು. ಟೀಕ್ (ತೇಕ್ಕು), ಕೊಪ್ರಾ (ಕೊಪ್ಪರ), ಜ್ಯಾಕ್ (ಚಕ್ಕ), ಬೀಟಲ್ (ವೆಟ್ಟಿಲ), ಕಾಯರ್ (ಕಯರ್) ಎಲ್ಲ ಒಂದೇ ಮೂಟೆಯಲ್ಲಿ ಹೋಗಿವೆ.

ಚಕ್ಕದಲ್ಲಿ ಇದು ಖಚಿತವಾಗಿ ಗೊತ್ತಾಗುತ್ತದೆ. ನಾವು ಹಲಸು ಅನ್ನುತ್ತೇವೆ, ಅದರಿಂದ ಜ್ಯಾಕ್ ಹುಟ್ಟುವುದು ಸಾಧ್ಯವೇ ಇಲ್ಲ. ತೇಗ, ಕೊಬ್ಬರಿ, ಅಡಿಕೆಯಲ್ಲಿ ಎರಡು ಭಾಷೆಯ ರೂಪ ಹತ್ತಿರ ಇರುವುದರಿಂದ ನಮಗೆ ಆಸೆ ಹುಟ್ಟುತ್ತದೆ. ಗೋಡೆಪತ್ರಿಕೆಯಲ್ಲಿ ಹೀಗೆ ಬರೆಯಿರಿ: ‘ಮಲಯಾಳಂನಿಂದ ಪೋರ್ಚುಗೀಸ್ ಮೂಲಕ ಹೋದದ್ದು, ನಮ್ಮ ಅಡಿಕೆ ಅದರ ಅಕ್ಕ ತಂಗಿ.’ ಅಷ್ಟು ಸರಿ.


ನಿಘಂಟುಮಿತ್ರ

ಮಕ್ಕಳ ಕೈಗೆ ನಿಘಂಟು ಕೊಡುವ ಮುಂಚೆ ಅದರ ಸಂಕೇತ ಹೇಳಿಕೊಡಿ, ಹೆಚ್ಚಿನವರು ಎಡವುವುದು ಅಲ್ಲಿ.

ಪದದ ಮೊದಲಿಗೆ ನಕ್ಷತ್ರ (*) ಇದ್ದರೆ ಅದು ಎಲ್ಲೂ ಬರೆದು ಸಿಕ್ಕ ಪದ ಅಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು. ಅದನ್ನು ‘ಪ್ರಾಚೀನ ಪದ’ ಅಂತ ಉದ್ಧರಿಸಬಾರದು. ‘ಹೋಲಿಸಿ’ ಅನ್ನುವ ಸೂಚನೆ ಇದ್ದರೆ ಬರೀ ಬಂಧುಗಳ ಹೆಸರು ಕೊಟ್ಟಿದ್ದಾರೆ ಅಂತ ಅರ್ಥ, ಅಲ್ಲಿಂದ ಬಂತು ಅಂತಲ್ಲ. ಬಾಣದ ಗುರುತು ಅಥವಾ ‘ಇಂದ’ ಇದ್ದರೆ ಮಾತ್ರ ಬಂದ ದಾರಿ. ‘ಕನ್ನಡದ ಅಡಿಕೆ ಹೋಲಿಸಿ’ ಅನ್ನುವುದನ್ನು ‘ಕನ್ನಡದಿಂದ’ ಅಂತ ಓದಿಕೊಂಡೇ ಎಷ್ಟೋ ಫಾರ್ವರ್ಡ್ ಹುಟ್ಟಿವೆ. ಇಸವಿಯ ವಿಷಯದಲ್ಲೂ ಎಚ್ಚರ ಬೇಕು. ಅದು ಪದ ಹುಟ್ಟಿದ ವರ್ಷ ಅಲ್ಲ, ಉಳಿದುಬಂದ ಬರಹಗಳಲ್ಲಿ ಇದುವರೆಗೆ ಸಿಕ್ಕ ಮೊದಲ ಸಾಕ್ಷಿಯ ವರ್ಷ. ಹಳೆಯದು ಸಿಕ್ಕರೆ ಹಿಂದಕ್ಕೆ ಸರಿಯುತ್ತದೆ.

ಅಭ್ಯಾಸಕ್ಕೆ ‘ನೈಸ್’ ಕೊಡಿ. ಲ್ಯಾಟಿನ್ ನೆಸ್ಕಿಯುಸ್, ಅಂದರೆ ಅರಿಯದವನು (ನೆ ಅಂದರೆ ಇಲ್ಲ, ಸ್ಕೀರೆ ಅಂದರೆ ಅರಿ; ಸೈನ್ಸ್ ಇದೇ ಬೇರು). 1300ರ ಸುಮಾರಿನ ಇಂಗ್ಲಿಷಿನಲ್ಲಿ ನೈಸ್ ಅಂದರೆ ದಡ್ಡ. ಆಮೇಲೆ ಅತಿನಾಜೂಕು, 16ನೇ ಶತಮಾನಕ್ಕೆ ಸೂಕ್ಷ್ಮ, ಕರಾರುವಾಕ್ಕು, 18ನೇ ಶತಮಾನಕ್ಕೆ ಹಿತವಾದ. ‘ಸಿಲ್ಲಿ’ ಎದುರು ದಿಕ್ಕಿಗೆ ಹೋಯಿತು: ಧನ್ಯ, ಮುಗ್ಧ, ಪಾಪದ, ದಡ್ಡ. ನಮ್ಮ ‘ಮುಗ್ಧ’ ಕೂಡ ಸಂಸ್ಕೃತದಲ್ಲಿ ಮಂಕಾದವನು, ದಿಕ್ಕು ತಪ್ಪಿದವನು. ಈಗ ಅದೇ ಹೊಗಳಿಕೆ.

ಆಮೇಲೆ ‘ಡೀರ್’. ಹಳೆಯ ಇಂಗ್ಲಿಷಿನ ದೆಓರ್ ಯಾವ ಕಾಡುಪ್ರಾಣಿಯಾದರೂ ಸರಿ. ಜರ್ಮನ್ನಿನ ಟೀಅರ್ ಈಗಲೂ ಪ್ರಾಣಿಯೇ. ಇಂಗ್ಲಿಷಿನಲ್ಲಿ ಜಿಂಕೆಗೆ ಕುಗ್ಗಿತು. ಸಂಸ್ಕೃತದ ಮೃಗಕ್ಕೂ ಎರಡೂ ಅರ್ಥ. ಮೃಗರಾಜ ಅಂದಾಗ ಪ್ರಾಣಿ, ಮೃಗನಯನಿ ಅಂದಾಗ ಜಿಂಕೆ. ಬೇಟೆಗಾರನ ಕಣ್ಣಿಗೆ ಬೇಕಾದ ಪ್ರಾಣಿ ಅಂದರೆ ಅದೇ ತಾನೇ.


ಗೋಡೆಪತ್ರಿಕೆ

ಇಷ್ಟು ಸಿಕ್ಕಿದ್ದು ಎರಡು ಸಂಚಿಕೆಗೆ ಆಯಿತು. ಕೊನೆಯದೊಂದು: ಆರೆಂಜ್ ನಮ್ಮ ನಾರಂಗಿಯಂತೆ, ಹಾಗಿದ್ದರೆ ಮೊದಲ ನ ಎಲ್ಲಿ ಹೋಯಿತು? ಇಂಗ್ಲಿಷಿನವರು ‘ಎ ನಾರೆಂಜ್’ ಅನ್ನುವುದನ್ನು ‘ಆನ್ ಆರೆಂಜ್’ ಮಾಡಿದರು ಅಂತ ಓದಿದ್ದೆ.


ಸಾಸಿವೆಡಬ್ಬಿ

ಕಳ್ಳತನ ನಿಜ, ಕಳ್ಳ ಬೇರೆ. ನಾರಂಗ, ಪರ್ಷಿಯನ್ ನಾರಂಗ್, ಅರಬ್ಬಿ ನಾರಂಜ್. ಸ್ಪೇನಿನಲ್ಲಿ ಇವತ್ತಿಗೂ ನರಾಂಖಾ, ನ ಭದ್ರ. ಇಟಲಿ, ಫ್ರಾನ್ಸಿನ ಕಡೆ ‘ಉನಾ’, ‘ಯೂನ್’ ಅನ್ನುವ ಆರ್ಟಿಕಲ್ ಅದನ್ನು ನುಂಗಿತು. ಇಂಗ್ಲಿಷಿಗೆ ತಲುಪುವಾಗಲೇ ಅದು ಆರೆಂಜ್.

ಇಂ­ಗ್ಲಿಷಿನವರೇ ಕದ್ದದ್ದು ಬೇಕಿದ್ದರೆ ಏಪ್ರನ್ (ಹಿಂದೆ ನೇಪ್ರನ್, ನ್ಯಾಪ್‌ಕಿನ್ ಅದರ ಬಂಧು), ಆ್ಯಡರ್ ಹಾವು (ಹಿಂದೆ ನ್ಯಾಡರ್), ಅಂಪೈರ್ (ಹಿಂದೆ ನೂಂಪೆರ್, ಎರಡು ಕಡೆಗೂ ಜೋಡಿಯಾಗದವನು). ಕದ್ದದ್ದನ್ನು ಬೇರೆಯವರಿಗೆ ಹಂಚಿದ್ದೂ ಉಂಟು: ‘ಆನ್ ಏಕ್‌ನೇಮ್’, ಅಂದರೆ ಹೆಚ್ಚಿನ ಹೆಸರು, ‘ಎ ನಿಕ್‌ನೇಮ್’ ಆಯಿತು. ಅಂಪೈರ್ ಹಾಕಿ, ಕ್ರಿಕೆಟ್ ಹುಡುಗರು ಗೋಡೆಪತ್ರಿಕೆ ಓದುತ್ತಾರೆ.